ನೀರು ನೆಕ್ಕುವ ಹಸುಗಳು

ಹಾಲು ಕರೆಯುವ ಹಸು ನೀರು ಕುಡಿಯುವ ರೀತಿಯೇ ಬೇರೆ. ಮೂತಿಯನ್ನು ಹೊಳ್ಳೆಯವರೆಗೆ ಬಟ್ಟಲಲ್ಲಿ ಮುಳುಗಿಸಿ, ಕಣ್ಣು ಅರ್ಧ ಮುಚ್ಚಿ, ಒಂದೇ ಸಮನೆ ಎಳೆಯುತ್ತದೆ. ಗಂಟಲೊಳಗೆ ಗುಟುಕು ಉರುಳುವುದು ಹೊರಗೆ ನಿಂತವರಿಗೂ ಕಾಣುತ್ತದೆ. ಆರ್ಲಿಸ್ ಬ್ರೆಕ್ಕೆಯ ಕೊಟ್ಟಿಗೆಯಲ್ಲಿ ಆ ಬೇಸಗೆಯ ಕೊನೆಯಿಂದ ಯಾವ ಹಸುವೂ ಹಾಗೆ ಕುಡಿಯುತ್ತಿರಲಿಲ್ಲ. ಬಟ್ಟಲ ಹತ್ತಿರ ಬರುವುದು, ನಿಲ್ಲುವುದು, ಬೆಕ್ಕಿನ ಹಾಗೆ ನಾಲಿಗೆಯ ತುದಿಯಿಂದ ನಾಲ್ಕು ಸಲ ನೆಕ್ಕುವುದು, ಏನೋ ಕಚ್ಚಿದಂತೆ ತಲೆಯನ್ನು ಹಿಂದಕ್ಕೆಳೆದುಕೊಳ್ಳುವುದು. ಐವತ್ತನಾಲ್ಕು ಹಸುಗಳದ್ದೂ ಇದೇ ಕತೆ.

ನೀರಿಲ್ಲದೆ ಹಾಲೆಲ್ಲಿಂದ ಬರಬೇಕು? ಒಂದು ಹಸುವಿಗೆ ದಿನಕ್ಕೆ ಅರವತ್ತೆರಡು ಪೌಂಡು ಇದ್ದದ್ದು ಐವತ್ತಕ್ಕಿಳಿಯಿತು, ಆಮೇಲೆ ನಲವತ್ತನಾಲ್ಕಕ್ಕೆ. ಕೆಚ್ಚಲು ಬಾವು ಒಂದರಿಂದ ಇನ್ನೊಂದಕ್ಕೆ ಅಂಟಿದಂತೆ ಹಬ್ಬಿತು. ಕರೆಯುವ ಯಂತ್ರ ಹಾಕಿದರೆ ಕಾಲು ಎತ್ತಿ ಎತ್ತಿ ಇಡುತ್ತಿದ್ದವು, ಒದ್ದು ಬೀಳಿಸುತ್ತಿದ್ದವು. ಹೊಲ ಮತ್ತು ಯಂತ್ರಗಳು ಗಂಡ ಓರಿನ್‌ನ ಪಾಲಿಗೆ, ಹಸುಗಳು ಆರ್ಲಿಸಳ ಪಾಲಿಗೆ ಎಂದು ಮದುವೆಯಾದ ವರ್ಷವೇ ಆ ಮನೆಯಲ್ಲಿ ತೀರ್ಮಾನವಾಗಿತ್ತು. ಹಸುಗಳು ಅವಳ ಅಪ್ಪ ಕಟ್ಟಿದ ತಳಿ. ಆದ್ದರಿಂದ ಕೆಟ್ಟರೆ ಕೆಟ್ಟದ್ದು ಆರ್ಲಿಸಳ ಕೈಯಲ್ಲಿ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ವಿಸ್ಕಾನ್ಸಿನ್ನಿನ ಆ ಕಣಿವೆಯ ಏಳು ಹೈನಿನ ಮನೆಗಳವರು ಹದಿನಾಲ್ಕು ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದರು. ತಿಂಗಳಿಗೊಮ್ಮೆ, ಗುರುವಾರ, ಬೆಳಗಿನ ಹಾಲು ಕರೆದಾದ ಮೇಲೆ ಸರದಿಯಂತೆ ಒಬ್ಬರ ಮನೆಗೆ ಉಳಿದವರೆಲ್ಲ ಹೋಗಬೇಕು. ಕೊಟ್ಟಿಗೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಕಣ್ಣಿಗೆ ಕಂಡ ತಪ್ಪನ್ನು ಮುಖಕ್ಕೇ ಹೇಳಬೇಕು, ತನ್ನ ಕೊಟ್ಟಿಗೆಯಲ್ಲಿ ಅದೇ ತಪ್ಪು ಹೇಗೆ ಸರಿಹೋಯಿತೆಂದೂ ಹೇಳಬೇಕು. ಇದಕ್ಕೆ ಕೊಟ್ಟಿಗೆ ಸುತ್ತು ಎಂದು ಹೆಸರು. ನಿಯಮ ಒಂದೇ: ಸುತ್ತು ಮುಗಿಯುವ ತನಕ ಆ ಮನೆಯವರು ಬಾಯಿ ತೆರೆಯುವ ಹಾಗಿಲ್ಲ. ಕಾರಣ ಹೇಳಲು ಬಿಟ್ಟರೆ ರೈತನೆಂಬವನು ಸಂಜೆಯ ತನಕ ಕಾರಣ ಹೇಳುತ್ತಾನೆ ಎಂದು ಆರ್ಲಿಸಳ ಅಪ್ಪನೇ ಮಾಡಿದ ನಿಯಮ ಅದು.

ಅಕ್ಟೋಬರಿನಲ್ಲಿ ಸರದಿ ಬ್ರೆಕ್ಕೆಯವರ ಮನೆಗೆ ಬಂತು. ಆರ್ಲಿಸ್ ಹಿಂದಿನ ದಿನ ಎರಡು ಸೇಬಿನ ಪೈ ಮಾಡಿಟ್ಟಳು. ಬೆಳಿಗ್ಗೆ ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತು, ಹನ್ನೊಂದು ಜನ ತನ್ನ ಹಸುಗಳ ನಡುವೆ ನಡೆಯುವುದನ್ನು ನೋಡಿದಳು.

“ಮೇವಿನಲ್ಲಿ ಬೂಸಲು ಇದೆಯೇನೋ,” ಎಂದರು ಒಬ್ಬರು.

“ಯಂತ್ರದ ರಬ್ಬರು ಹಳೇದಾಗಿರಬೇಕು,” ಎಂದರು ಇನ್ನೊಬ್ಬರು. ಅದನ್ನು ಅವಳು ಸೆಪ್ಟೆಂಬರಿನಲ್ಲೇ ಬದಲಾಯಿಸಿದ್ದಳು. ಆದರೆ ಹೇಳುವ ಹಾಗಿರಲಿಲ್ಲ.

ಬುಚ್ ಲೆಮ್ಕೆಯದು ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಕೊಟ್ಟಿಗೆ, ಎಲ್ಲರಿಗಿಂತ ದೊಡ್ಡ ಗಂಟಲು. ಅವನು ನೀರಿನ ಬಟ್ಟಲೊಂದನ್ನು ಬೆರಳಿನಿಂದ ತಟ್ಟಿದ. “ಇದೇನೇ ಆರ್ಲಿಸ್, ಇನ್ನೂ ನಿಮ್ಮಪ್ಪನ ಕಾಲದ ಪ್ಲಾಸ್ಟಿಕ್ಕು? ಪಾಚಿ ವಾಸನೆಗೇ ದನ ಮೂಗು ಮುರೀತಿವೆ. ತೆಗೆದು ಬಿಸಾಕು. ಸ್ಟೀಲಿನದು ಹಾಕಿಸು, ಕಂಬಿಗೇ ಬೋಲ್ಟು ಬಿಗಿಸಿಬಿಡು, ಗಟ್ಟಿಯಾಗಿ ನಿಲ್ಲತ್ತೆ. ದಿನಕ್ಕೆ ಎರಡು ಸಲ ನೆಲ ತೊಳಿ. ಹಿಂದೆ ಸರಿಯೋ ಮೊಂಡುಗಳನ್ನ ಇಟ್ಕೋಬೇಡ, ಕಳಿಸಿಬಿಡು. ಒಂದು ಮೊಂಡು ಹತ್ತಕ್ಕೆ ಕಲಿಸತ್ತೆ.” ಆಮೇಲೆ ತಿರುಗಿ ನಕ್ಕ. “ಮತ್ತೆ ಸ್ವಲ್ಪ ನಗ್ತಾ ಕರಿ ಮಾರಾಯ್ತಿ. ನಿನ್ನ ಮುಖ ನೋಡಿದ್ರೆ ನನಗೇ ಬಾಯಾರಿಕೆ ಹೋಗತ್ತೆ.”

ಎಲ್ಲರೂ ನಕ್ಕರು. ಆರ್ಲಿಸಳೂ ನಗಬೇಕಾಯಿತು.

ನಗದೆ ಇದ್ದವನು ಎಲ್ಡನ್ ಜಾಸ್ಟ್ರೋ ಒಬ್ಬನೇ. ಅರವತ್ತೆಂಟರ ಎಲ್ಡನ್ ಕಣಿವೆಯ ಉತ್ತರದ ಕೊನೆಯ ಮನೆಯವನು, ಹೆಂಡತಿ ವರ್ನಾ ತೀರಿಕೊಂಡ ಮೇಲೆ ಒಂಟಿ. ಸುತ್ತಿಗೆ ತಪ್ಪದೆ ಬರುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಅವನು ಹದಿನೇಳನೆಯ ಕಟ್ಟಿನ ಎದುರು ನಿಂತು ಅಲ್ಲಿ ಕಟ್ಟಿದ ಹಸು ನೀರು ನೆಕ್ಕುವುದನ್ನು ಬಹಳ ಹೊತ್ತು ನೋಡಿದ. ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಸರದಿ ಬಂದಾಗ “ನನ್ನದೇನಿಲ್ಲ” ಎಂದ. ಪೈ ತಿನ್ನದೆ, ಕಾಫಿ ಮುಟ್ಟದೆ, ತನ್ನ ಟ್ರಕ್ಕು ಹತ್ತಿ ಹೋದ.

“ಇವನದು ಯಾವಾಗಲೂ ಇದೇ,” ಎಂದ ಬುಚ್, ಬಾಯಿ ತುಂಬ ಪೈ ಇಟ್ಟುಕೊಂಡು.

ಆರ್ಲಿಸ್ ಗುಂಪಿನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದಳು. ಪ್ಲಾಸ್ಟಿಕ್ ಬಟ್ಟಲುಗಳು ಹೋಗಿ ಹೊಳೆಯುವ ಸ್ಟೀಲಿನವು ಬಂದವು, ಕಬ್ಬಿಣದ ಕಂಬಿಗೆ ಬಿಗಿದುಕೊಂಡವು. ದಿನಕ್ಕೆರಡು ಸಲ ನೆಲ ತೊಳೆದು ತೊಳೆದು ಅವಳ ಬೆರಳ ಸಂದು ಬಿರಿಯಿತು. ಹಸುಗಳು ಇನ್ನೂ ಹಿಂದೆ ಸರಿದವು. ಕೆಲವು ಬಟ್ಟಲ ಕಡೆಗೆ ತಿರುಗುವುದನ್ನೇ ಬಿಟ್ಟು ಬಯಲಿಗೆ ಬಿಟ್ಟಾಗ ಒಂದರ ಮೈಮೇಲಿನ ಹಿಮವನ್ನು ಇನ್ನೊಂದು ನೆಕ್ಕತೊಡಗಿದವು. ಡಿಸೆಂಬರ್ ಮುಗಿಯುವುದರೊಳಗೆ ಮೊಂಡು ಎಂದು ಹನ್ನೊಂದು ಹಸುಗಳನ್ನು ಕಸಾಯಿ ಲಾರಿಗೆ ಹತ್ತಿಸಿದಳು. ಮೊದಲು ಹತ್ತಿದ್ದು ಟಿಲ್ಲಿ. ಹುಲ್ಲುಗಾವಲಿನಿಂದ ಬರುವಾಗ ಯಾವಾಗಲೂ ಮುಂದೆ ನಡೆಯುತ್ತಿದ್ದ ಹಸು. ಮೊದಲು ಬಾಗಿಲಲ್ಲಿ ನಿಂತು “ಒಳಗೆ ಬರುವುದಿಲ್ಲ” ಎಂಬಂತೆ ಹಟ ಹಿಡಿದದ್ದೂ ಅದೇ.

“ಮಾರ್ಚಿನಲ್ಲಿ ಉಳಿದದ್ದನ್ನೂ ಹರಾಜು ಹಾಕಿಬಿಡೋಣ,” ಎಂದ ಓರಿನ್ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಒಳ್ಳೆಯ ಮನುಷ್ಯ. ಅವಳ ತಟ್ಟೆಯ ಕಡೆ ನೋಡದೆ ಹೇಳಿದ. “ನೀನು ಮಾಡಬೇಕಾದದ್ದೆಲ್ಲ ಮಾಡಿದೀಯ. ಕೈ ಹತ್ತಲಿಲ್ಲ. ಅಷ್ಟೇ.”

ಕೈ ಹತ್ತಲಿಲ್ಲ. ಆ ಎರಡು ಪದ ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದವು.

ಜನವರಿಯ ಎರಡನೆಯ ವಾರ ಗೊರಸು ಕತ್ತರಿಸುವ ಗೇಲನ್ ವಿರ್ತ್ ಬಂದ. ಮೂರು ಜಿಲ್ಲೆಗಳ ಕೊಟ್ಟಿಗೆಗಳನ್ನು ಸುತ್ತುವ ಮನುಷ್ಯ, ಹಾಗಾಗಿ ಎಲ್ಲರ ಮನೆಯ ಸುದ್ದಿ ಅವನಲ್ಲಿ ಇರುತ್ತಿತ್ತು. ಆದರೆ ಒಂದು ಮನೆಯದನ್ನು ಇನ್ನೊಂದು ಮನೆಯಲ್ಲಿ ಆಡುವವನಲ್ಲ. ಅವತ್ತು ಒಂದು ಹಸುವಿನ ಹಿಂಗಾಲು ತೊಡೆಯ ಮೇಲಿಟ್ಟುಕೊಂಡವನು ಕತ್ತಿಯನ್ನು ಹಾಗೇ ಹಿಡಿದು ಪಕ್ಕದ ಬಟ್ಟಲನ್ನೇ ನೋಡಿದ.

“ಯಾವಾಗಿಂದ ಹೀಗೆ ನೆಕ್ತಿವೆ?”

“ಆಗಸ್ಟಿಂದ. ನೋಡಿದವರೆಲ್ಲ ಕೇಳಿದ್ದೇ ಇದು. ನಿನಗೇನಾದ್ರೂ ಗೊತ್ತಿದ್ರೆ ಹೇಳು, ಇಲ್ಲದಿದ್ರೆ ಗೊರಸು ನೋಡು.”

ಗೇಲನ್ ಕತ್ತಿ ಇಳಿಸಿದ. “ಎಲ್ಡನ್ ಮನೆಯಲ್ಲಿ ನೋಡಿದ್ದೆ. ಎಂಟು ವರ್ಷ ಆಯ್ತು. ಇದೇ ಥರ. ಬೆಕ್ಕಿನ ಥರ. ಅರ್ಧಕ್ಕರ್ಧ ಹೋದವು. ಆಮೇಲೆ ಒಂದು ದಿನ ನಾನು ಹೋದಾಗ ಕರೆಂಟು ಕಂಪನಿ ಗಾಡಿ ನಿಂತಿತ್ತು, ಕಂಬದ ಮೇಲೆ ಏನೋ ಪೆಟ್ಟಿಗೆ ಕೂರಿಸ್ತಿದ್ರು. ಮುಂದಿನ ಸಲ ಹೋಗೋಷ್ಟರಲ್ಲಿ ಉಳಿದವು ಗಟಗಟ ಕುಡೀತಿದ್ವು. ಏನಾಯ್ತು ಅಂತ ಕೇಳಿದೆ. ಎಲ್ಡನ್ ಮಾತು ಬದಲಾಯಿಸಿದ.” ಕತ್ತಿಯನ್ನು ಮತ್ತೆ ಗೊರಸಿಗಿಟ್ಟ. “ನಾನು ಹೇಳಿದೆ ಅನ್ನಬೇಡ, ಆರ್ಲಿಸ್. ನನಗೆ ಎಲ್ಲರ ಬಾಗಿಲಿಗೂ ಹೋಗಬೇಕು.”

ಹದಿನೇಳನೆಯ ಕಟ್ಟಿನ ಎದುರು ಟೋಪಿ ತೆಗೆದು ನಿಂತ ಆ ಮನುಷ್ಯನ ಬೆನ್ನು ಆರ್ಲಿಸಳ ಕಣ್ಣೆದುರು ಬಂತು. ಅವನು ಬೆರಗಾಗಿ ನೋಡಿದ್ದಲ್ಲ. ಗುರುತು ಹಿಡಿದು ನೋಡಿದ್ದು.

ಎಂಟು ವರ್ಷದ ಹಿಂದಿನ ಜಾಸ್ಟ್ರೋ ಮನೆಯ ಸುತ್ತು ಅವಳಿಗೆ ಚೆನ್ನಾಗಿ ನೆನಪಿತ್ತು. ಅಪ್ಪನ ಜೊತೆ ಹೋಗಿದ್ದಳು. ಬಡಕಲು ಹಸುಗಳು, ಬಾತ ಕೆಚ್ಚಲುಗಳು. ಹಿಂದಿರುಗುವ ದಾರಿಯಲ್ಲಿ ಅಪ್ಪ ಹೇಳಿದ್ದ: “ನೋಡಿಕೊಂಡೆಯಾ? ಮನುಷ್ಯ ಸೋಮಾರಿಯಾದರೆ ದನ ಹೀಗಾಗತ್ತೆ.” ಕಣಿವೆಯ ಉಳಿದ ಆರು ಮನೆಯೂ ಎಲ್ಡನ್ ಜಾಸ್ಟ್ರೋನಿಂದ ಕಲಿತ ಪಾಠ ಅದೊಂದೇ.

ಮರುದಿನ ಬೆಳಗಿನ ಹಾಲು ಕರೆದು, ಬೂಟು ಕೂಡ ಬದಲಿಸದೆ, ಅವಳು ಎಲ್ಡನ್ ಮನೆಗೆ ಹೋದಳು. ಅವನು ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ ಹಚ್ಚಿಟ್ಟು ಸಾಸೇಜು ಹುರಿಯುತ್ತಿದ್ದ. ಅವಳನ್ನು ಕಂಡದ್ದೇ ರೇಡಿಯೋ ಆರಿಸಿದ.

“ಕೂತ್ಕೋ ಹುಡುಗಿ.”

“ಕೂರಲ್ಲ. ನಿಮ್ಮ ಕಂಬದ ಮೇಲಿರೋ ಪೆಟ್ಟಿಗೆ ಏನು?”

ಎಲ್ಡನ್ ಒಲೆ ಆರಿಸಿದ. “ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ.”

“ಹಾಗಿಲ್ಲ ಅಂದ್ರೆ?”

“ಕಾಗದಕ್ಕೆ ಸಹಿ ಹಾಕಿದೀನಿ. ನಾನೂ ವರ್ನಾನೂ, ಇಬ್ಬರೂ. ಯಾರ ಹತ್ತಿರವೂ, ಯಾವತ್ತೂ ಬಾಯಿ ಬಿಡೋ ಹಾಗಿಲ್ಲ ಅಂತ. ಬಿಟ್ರೆ ಕಂಪನಿಯವರು ಕೊಟ್ಟದ್ದೆಲ್ಲ ವಾಪಸ್ ತಗೋತಾರೆ, ಕೋರ್ಟಿಗೂ ಎಳೀತಾರೆ.”

ಆರ್ಲಿಸ್ ಮೇಜಿನ ಹತ್ತಿರ ಬಂದಳು. “ನನ್ನ ಕೊಟ್ಟಿಗೆಯಲ್ಲಿ ನಿಂತು ನೋಡಿದ್ರಿ ನೀವು. ಕಣ್ಣಾರೆ ನೋಡಿದ್ರಿ. ಬುಚ್ ಸ್ಟೀಲು ಹಾಕು ಅಂದಾಗ ನಿಮ್ಮ ಕಿವಿ ಅಲ್ಲೇ ಇತ್ತು. ನೆಲ ತೊಳಿ ಅಂದಾಗಲೂ ಇತ್ತು. ಅದು ಒಳ್ಳೇದಾ ಕೆಟ್ಟದ್ದಾ?”

ಅವನು ಬಾಣಲೆಯನ್ನು ಒಲೆಯ ಪಕ್ಕಕ್ಕೆ ಎಳೆದ.

“ಹೇಳಿ! ಒಳ್ಳೇದಾ ಕೆಟ್ಟದ್ದಾ? ಕಾಗದದಲ್ಲಿ ಸ್ಟೀಲಿನ ಸುದ್ದಿಯೂ ಇದೆಯಾ?”

“ಕೆಟ್ಟದ್ದು,” ಎಂದ ಎಲ್ಡನ್, ಹುರಿಯುವ ಬಾಣಲೆಗೆ ಹೇಳುವಂತೆ.

“ಹನ್ನೊಂದು ಹಸು ಕಳಿಸಿದೆ. ಹನ್ನೊಂದು! ಮೊಂಡು ಅಂತ. ಅವು ಮೊಂಡಲ್ಲ ಅಂತ ಈ ಕಣಿವೆಯಲ್ಲಿ ಗೊತ್ತಿದ್ದವರು ಒಬ್ಬರು. ಅವರು ಟೋಪಿ ಹಾಕ್ಕೊಂಡು ಮನೆಗೆ ಹೋದ್ರು. ಕೈ ಹತ್ತಲಿಲ್ಲ ಅಂತ ನನ್ನ ಗಂಡ ಹೇಳ್ತಾನೆ, ಕನ್ನಡಿಯಲ್ಲಿ ನಾನೂ ಅದನ್ನೇ ಹೇಳ್ಕೋತೀನಿ. ಹದಿನಾಲ್ಕು ವರ್ಷ ಯಾಕೆ ಸುತ್ತಿದ್ವಿ ನಾವು ಒಬ್ಬರ ಕೊಟ್ಟಿಗೆ ಇನ್ನೊಬ್ಬರು? ಪೈ ತಿನ್ನೋಕಾ?”

“ವರ್ನಾಗೆ ಆಗ ಕ್ಯಾನ್ಸರ್ ಶುರುವಾಗಿತ್ತು,” ಎಂದ ಎಲ್ಡನ್. ದನಿ ಏರಲಿಲ್ಲ. “ಹಸುಗಳು ಒಂದೊಂದೇ ಬೀಳ್ತಿದ್ವು. ಅವರು ಪೆಟ್ಟಿಗೆ ಕೂರಿಸ್ತೀವಿ, ಸಹಿ ಹಾಕಿ ಅಂದ್ರು. ಹಾಕಿದೆ. ಸಾಯೋ ತನಕ ಅವಳು ಕೇಳ್ತಿದ್ದದ್ದು ಒಂದೇ: ಜನ ನಮ್ಮನ್ನ ಕೊಳಕರು, ಸೋಮಾರಿಗಳು ಅಂತಿದಾರಲ್ಲ, ಒಬ್ಬರಿಗಾದ್ರೂ ಹೇಳಿಬಿಡೋಣ ಎಲ್ಡನ್ ಅಂತ. ನಾನು ಹೇಳಲಿಲ್ಲ.” ಅವನು ಬಾಣಲೆಯಿಂದ ಕಣ್ಣೆತ್ತಿದ. “ನಿಮ್ಮಪ್ಪನೂ ಹಾಗೇ ಅಂದಿದ್ದ. ನನ್ನ ಕಿವಿಗೆ ಬಿತ್ತು.”

ಆರ್ಲಿಸ್ ಬಾಗಿಲ ಕಡೆ ತಿರುಗಿದಳು. ಸಿಟ್ಟು ಇಳಿದದ್ದರಿಂದಲ್ಲ. ಅದು ಈ ಒಬ್ಬ ಮುದುಕನ ಅಳತೆ ಮೀರಿ ದೊಡ್ಡದಾಗಿತ್ತು. ಅದರಲ್ಲಿ ಈಗ ಅವಳ ಅಪ್ಪನಿದ್ದ, ಆ ದಿನ ಗಾಡಿಯಲ್ಲಿ ಕೂತು ಹೌದೆಂದು ತಲೆಯಾಡಿಸಿದ ಅವಳೂ ಇದ್ದಳು.

“ಗುರುವಾರ ನಮ್ಮನೆಯಲ್ಲಿ ಸುತ್ತು,” ಎಂದಳು ಬಾಗಿಲಲ್ಲಿ ನಿಂತು. “ನಮ್ಮ ಸರದಿ ಅಲ್ಲ. ಆದ್ರೂ. ಬರೋದಿದ್ರೆ ಬನ್ನಿ.”

ಅವಳೇ ಎಲ್ಲರಿಗೂ ಫೋನು ಮಾಡಿದಳು. ಗುರುವಾರ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಜನ ಬಂದರು, ಮೂಗಿನಿಂದ ಹೊಗೆ ಬಿಡುತ್ತ, ಕಾಲು ಕುಟ್ಟುತ್ತ. ಎಲ್ಡನ್ ಎಲ್ಲರಿಗಿಂತ ಹಿಂದೆ ಬಂದು ಬಾಗಿಲ ಬಳಿಯೇ ನಿಂತ.

“ಸರದಿ ತಪ್ಪಿಸಿ ಕರೆದೆಯಲ್ಲ, ಏನು ವಿಶೇಷ?” ಎಂದ ಬುಚ್. “ಹಸು ನಗಿಸೋಕೆ ಕಲಿತೆಯಾ?”

“ಇವತ್ತು ಮನೆಯವಳು ಮೊದಲು ಮಾತಾಡ್ತಾಳೆ,” ಎಂದಳು ಆರ್ಲಿಸ್.

“ನಿಯಮ—”

“ನಿಯಮ ನನ್ನಪ್ಪ ಮಾಡಿದ್ದು. ನಾನು ಮುರೀತೀನಿ. ಬಾಯಿ ಮುಚ್ಕೊಂಡು ಕೇಳು, ಬುಚ್.” ಅವಳು ಎಲ್ಲರ ಕಡೆ ತಿರುಗಿದಳು. “ನೀವು ಹೇಳಿದ್ದೆಲ್ಲ ಮಾಡಿದೆ. ಸ್ಟೀಲು ಹಾಕಿಸಿದೆ, ಇನ್ನೂ ಕೆಟ್ಟಿತು. ನೆಲ ತೊಳೆದೆ, ಇನ್ನೂ ಕೆಟ್ಟಿತು. ಮೊಂಡು ಅಂತ ಹನ್ನೊಂದು ಕಳಿಸಿದೆ. ಅವುಗಳದ್ದೇನೂ ತಪ್ಪಿರಲಿಲ್ಲ. ಇಲ್ಲಿ ಯಾರೂ ಬೇಕು ಅಂತ ಸುಳ್ಳು ಹೇಳಲಿಲ್ಲ, ಗೊತ್ತು. ಗೊತ್ತಿರೋ ಬುದ್ಧಿ ಧಾರಾಳವಾಗಿ ಕೊಟ್ರಿ. ಆದ್ರೆ ಗೆದ್ದದ್ದರ ಬುದ್ಧಿ ಮಾತ್ರ ಕೊಟ್ರಿ. ಸೋತದ್ದನ್ನ ಒಬ್ಬೊಬ್ಬರೂ ಹೊಟ್ಟೆಯಲ್ಲಿಟ್ಕೊಂಡು ಬಂದು ಕಾಫಿ ಕುಡಿದು ಹೋಗ್ತೀವಿ. ಈಗ ಕೇಳ್ತೀನಿ. ಯಾರ ಮನೆಯಲ್ಲಿ ಹಸು ಬೆಕ್ಕಿನ ಥರ ನೀರು ನೆಕ್ಕಿದೆ? ಒಂದೇ ಒಂದು ದಿನ ಆದ್ರೂ?”

ಒಂದು ಹಸು ಸರಪಳಿ ಅಲ್ಲಾಡಿಸಿತು. ಆರ್ಲಿಸ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಬುಚ್‌ನ ಮುಖದ ಹತ್ತಿರ ಅವಳ ಕಣ್ಣು ನಿಂತಿತು, ಏಕೆಂದರೆ ಬುಚ್ ಲೆಮ್ಕೆ ನೆಲ ನೋಡುತ್ತಿದ್ದ.

“ನಮ್ಮಲ್ಲಿ ಪೂರ್ವದ ಸಾಲಲ್ಲಿ,” ಎಂದ ಬುಚ್. ಆ ಗಂಟಲು ಅಷ್ಟು ಸಣ್ಣದಾಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. “ನವೆಂಬರಿಂದ. ಎಂಟೋ ಒಂಬತ್ತೋ. ಮೇವಿನ ದೋಷ ಅಂದ್ಕೊಂಡೆ.”

“ನನಗೆ ನಗು ಅಂದೆ ನೀನು.”

“ಅಂದೆ.”

“ನಿನ್ನ ಹಸು ನೆಕ್ತಿರೋದು ಗೊತ್ತಿದ್ದೂ ಡಿಸೆಂಬರಿನಲ್ಲಿ ಫೋನು ಮಾಡಿ ‘ಹೇಗಿದೆ ನಿನ್ನ ಮೊಂಡುಗಳ ಸೈನ್ಯ’ ಅಂದೆ.”

ಬುಚ್ ಟೋಪಿಯ ಅಂಚನ್ನು ಕೈಯಲ್ಲಿ ತಿರುಗಿಸುತ್ತಿದ್ದ. “ಏನು ಮಾಡ್ಲಿ ಹೇಳು. ನನ್ನ ಕೊಟ್ಟಿಗೆ ನೋಡಿ ಕಲಿಯಿರಿ ಅಂತ ಎಲ್ಲರೂ ಹೇಳೋವಾಗ...”

ಆಗ ಎಲ್ಡನ್ ಬಾಗಿಲ ಬಳಿಯಿಂದ ಹೊರಗೆ ಹೋದ. ಹೊರಟೇಬಿಟ್ಟ ಎಂದು ಆರ್ಲಿಸ್ ಹಲ್ಲು ಕಚ್ಚಿದಳು. ಆದರೆ ಅವನು ಟ್ರಕ್ಕಿನಿಂದ ಚರ್ಮದ ಹಳೆಯ ಚೀಲವೊಂದನ್ನು ತಂದ. ಅದರೊಳಗೆ ಕರೆಂಟು ಅಳೆಯುವ ಮುಳ್ಳಿನ ಮೀಟರು, ಎರಡು ತಂತಿ. ಹದಿನೇಳನೆಯ ಕಟ್ಟಿನ ಮುಂದೆ ಕಷ್ಟಪಟ್ಟು ಮಂಡಿಯೂರಿದ. ಒಂದು ತಂತಿಯನ್ನು ಸ್ಟೀಲ್ ಬಟ್ಟಲಿಗೆ ಸಿಕ್ಕಿಸಿದ. ಇನ್ನೊಂದಕ್ಕೆ ತಾಮ್ರದ ಬಿಲ್ಲೆ ಕಟ್ಟಿ, ಹಸುವಿನ ಕಾಲು ನಿಲ್ಲುವ ಒದ್ದೆ ಸಿಮೆಂಟಿನ ಮೇಲೆ ಒತ್ತಿ ಹಿಡಿದ. ಮುಳ್ಳು ಎದ್ದಿತು. ಎರಡೂವರೆ ವೋಲ್ಟಿನ ಹತ್ತಿರ ನಡುಗುತ್ತ ನಿಂತಿತು.

“ಏನದು?” ಎಂದ ಬುಚ್.

“ನಾನೇನೂ ಹೇಳಿಲ್ಲ,” ಎಂದ ಎಲ್ಡನ್. “ಮುಳ್ಳು ಹೇಳ್ತಿದೆ, ನೋಡು. ನಮಗೆ ರಬ್ಬರ್ ಬೂಟು. ಗೊತ್ತಾಗಲ್ಲ. ಅವಕ್ಕೆ ನಾಲ್ಕು ಬರಿಗಾಲು, ಒದ್ದೆ ನೆಲ, ಒದ್ದೆ ಮೂತಿ.”

ಆರ್ಲಿಸ್ ಎರಡೂ ಕೈಯ ಗವಸು ಕಳಚಿ ಎಡ ಅಂಗೈಯನ್ನು ಒದ್ದೆ ನೆಲದ ಮೇಲೆ ಇಟ್ಟಳು. ಬಲಗೈಯ ಬಿರಿದ ಬೆರಳನ್ನು ಬಟ್ಟಲ ನೀರಿನೊಳಗೆ ಅದ್ದಿದಳು. ಗಾಯದೊಳಗೆ ಸಣ್ಣಗೆ ಜುಂ ಎಂದಿತು. ಐದು ತಿಂಗಳು ಆ ಬಾಯಾರಿದ ಮೂಕ ಜೀವಗಳು ದಿನಕ್ಕೆ ಇಪ್ಪತ್ತು ಸಲ ಹೇಳಿದ್ದು ಇದನ್ನೇ.

ಮಧ್ಯಾಹ್ನದ ಹೊತ್ತಿಗೆ ಬುಚ್‌ನ ಭಾವಮೈದುನ ಬಂದ, ವಿದ್ಯುತ್ ಕೆಲಸದವನು. ಮುಖ್ಯ ಸ್ವಿಚ್ಚು ತೆಗೆದು, ಕಂಬದಿಂದ ಕೊಟ್ಟಿಗೆಗೆ ಇಳಿದಿದ್ದ ಅರ್ಥಿಂಗ್ ತಂತಿಯನ್ನೂ ಬೇರೆ ಮಾಡಿದ. ಕೊಟ್ಟಿಗೆಗೂ ಕಂಪನಿಗೂ ಸಂಬಂಧವೇ ಇಲ್ಲದಂತಾಯಿತು. ತಂತಿಯಿಂದ ಸೋರುತ್ತಿದ್ದ ಕರೆಂಟು ನಿಂತು ಮೀಟರಿನ ಮುಳ್ಳು ಮಲಗಿತು. ಬಿರುಗಾಳಿಗೆ ಕರೆಂಟು ಹೋದರೆ ಇರಲಿ ಎಂದು ಆ ಕಡೆ ಪ್ರತಿ ಮನೆಯಲ್ಲೂ ಟ್ರ್ಯಾಕ್ಟರಿಗೆ ಜೋಡಿಸುವ ಜನರೇಟರ್ ಒಂದಿರುತ್ತದೆ. ಏಳು ಮನೆಯವರು ದಿನಕ್ಕೊಬ್ಬರಂತೆ ತಮ್ಮ ಟ್ರ್ಯಾಕ್ಟರನ್ನೂ ಡೀಸೆಲನ್ನೂ ತಂದು ಬ್ರೆಕ್ಕೆಯವರ ಅಂಗಳದಲ್ಲಿ ನಿಲ್ಲಿಸುವುದೆಂದಾಯಿತು. ಮೊದಲ ದಿನ ಬುಚ್ ಬಂದ. ಒಂದು ತಮಾಷೆಯನ್ನೂ ಆಡದೆ ಗುಡುಗುಡು ಯಂತ್ರದ ಪಕ್ಕ ಚಳಿಯಲ್ಲಿ ನಿಂತ.

ಹಸುಗಳು ತಕ್ಷಣ ನಂಬಲಿಲ್ಲ. ಎರಡು ದಿನ ನೆಕ್ಕುತ್ತಲೇ ಇದ್ದವು. ಮೂರನೆಯ ದಿನ ಬೆಳಿಗ್ಗೆ ಒಂದು ಕಡಸು ಮೂತಿ ಮುಳುಗಿಸಿತು. ತಲೆ ಎತ್ತಿ ಸುತ್ತ ನೋಡಿತು. ಮತ್ತೆ ಮುಳುಗಿಸಿತು. ಐದನೆಯ ದಿನಕ್ಕೆ ಕೊಟ್ಟಿಗೆಯ ತುಂಬ ಗುಟುಕಿನ ಸದ್ದು. ಓರಿನ್ ಮಧ್ಯದ ಓಣಿಯಲ್ಲಿ ನಿಂತು ಕೇಳಿದ, ಕೇಳಿದ, ಆಮೇಲೆ ಹೆಂಡತಿಯ ಹತ್ತಿರ ಬಂದು, “ನಾನು ಹಾಗೆ ಅನ್ನಬಾರದಿತ್ತು,” ಎಂದ.

“ಅನ್ನಬಾರದಿತ್ತು,” ಎಂದಳು ಆರ್ಲಿಸ್.

ಆರನೆಯ ದಿನ ಕಂಪನಿಯವನು ಬಂದ. ಗಿರಾಕಿಯೊಬ್ಬರು ತಂತಿ ಬೇರೆ ಮಾಡಿಕೊಂಡಿದ್ದಾರೆಂದು ಅವರಿಗೆ ತಿಳಿಯದೆ ಇರುತ್ತದೆಯೆ? ಪ್ರೆಂಟಿಸ್ ಎಂದು ಹೆಸರು ಹೇಳಿದ, ಒಳ್ಳೆಯ ಕೋಟು, ಕೋಟಿಗಿಂತ ಒಳ್ಳೆಯ ಮಾತು. ಅವತ್ತು ಜನರೇಟರಿನ ಸರದಿ ಎಲ್ಡನ್‌ನದು. ಬುಚ್ ಕೂಡ ಡೀಸೆಲ್ ಕೊಡಲು ಬಂದಿದ್ದ. ಐದು ಜನ ಹಾಲಿನ ಕೋಣೆಯಲ್ಲಿ ನಿಂತರು.

“ತಪ್ಪು ಕಂಪನಿಯದು ಅಂತ ನಾವು ಒಪ್ಪೋದಿಲ್ಲ,” ಎಂದ ಪ್ರೆಂಟಿಸ್, ನಗುತ್ತಲೇ. “ಆದ್ರೆ ನೀವು ನಮ್ಮ ಗಿರಾಕಿ, ಕಷ್ಟದಲ್ಲಿದೀರಿ. ನಾಳೆ ಬೆಳಿಗ್ಗೆಯೇ ಕಂಬದ ಮೇಲೆ ಉಪಕರಣ ಕೂರಿಸ್ತೀವಿ. ಹೋದ ಹಸುಗಳಿಗೂ ಏನಾದ್ರೂ ನೋಡೋಣ. ಇದಕ್ಕೊಂದು ಸಹಿ ಹಾಕಿಬಿಡಿ, ಮಿಸೆಸ್ ಬ್ರೆಕ್ಕೆ.”

“ಹಾಕದಿದ್ರೆ?”

“ಹಾಕದಿದ್ರೆ ಪರೀಕ್ಷೆ ನಡೀಬೇಕು. ಅದಕ್ಕೊಂದು ಕ್ರಮ ಇದೆ. ಬೇಸಗೆ ಆಗಬಹುದು.”

ಆರ್ಲಿಸ್ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. “ಈ ವಿಷಯವನ್ನು ನೆರೆಯವರೊಂದಿಗಾಗಲಿ, ಸಹ ಹೈನುಗಾರರೊಂದಿಗಾಗಲಿ, ಯಾವುದೇ ರೂಪದಲ್ಲಿ ಚರ್ಚಿಸತಕ್ಕದ್ದಲ್ಲ.” ಅವಳು ತಲೆ ಎತ್ತಿದಳು. “ಸಹ ಹೈನುಗಾರರು. ನೋಡು ಬುಚ್, ನಿನ್ನ ಹೆಸರು ಬರೆದಿದಾರೆ.”

“ಆರ್ಲಿಸ್,” ಎಂದ ಓರಿನ್ ಮೆಲ್ಲಗೆ. “ಬೇಸಗೆಯ ತನಕ ಜನರೇಟರ್ ಓಡಿಸೋಕಾಗತ್ತಾ? ಸಹಿ ಹಾಕಿಬಿಡು. ಹಸು ಬದುಕಲಿ.”

ಅವಳ ಕೈಯಲ್ಲಿ ಪೆನ್ನೂ ಇತ್ತು. ಪ್ರೆಂಟಿಸ್ ಅದನ್ನು ಯಾವಾಗ ಕೊಟ್ಟನೋ ತಿಳಿಯಲಿಲ್ಲ. ಗೋಡೆಯಾಚೆ ನಲವತ್ತಮೂರು ಹಸುಗಳು ಮೇವು ಅಗಿಯುತ್ತಿದ್ದವು. ಕಾಯಿಲೆಯ ಹೆಂಡತಿಯನ್ನು ಒಳಗೆ ಮಲಗಿಸಿ, ಹೀಗೇ ಒಂದು ಪೆನ್ನು ಹಿಡಿದು ನಿಂತ ಎಲ್ಡನ್ ಅವಳಿಗೆ ಅರ್ಥವಾದ. ಅರ್ಥವಾದಷ್ಟೂ ಸಿಟ್ಟು ಹೆಚ್ಚಾಯಿತು. ಎಷ್ಟು ಸಲೀಸಾಗಿ ಮಾಡುತ್ತಾರೆ! ಹಸು ಸಾಯುವ ತನಕ ಕಾಯುತ್ತಾರೆ, ನೀರನ್ನು ತೋರಿಸುತ್ತಾರೆ, ಬಾಯಿ ಹೊಲಿಸಿಕೊಂಡರೆ ಕೊಡುತ್ತೇವೆ ಎನ್ನುತ್ತಾರೆ. ಎಂಟು ವರ್ಷದ ಹಿಂದೆ ಒಂದು ಕಾಗದ. ಅದರಿಂದಾಗಿ ಇವತ್ತು ಎರಡು ಕೊಟ್ಟಿಗೆ. ಇವತ್ತು ಇನ್ನೊಂದು ಕಾಗದ. ಅದರಿಂದ ನಾಳೆ?

“ಇವನ ಪೂರ್ವದ ಸಾಲಲ್ಲಿ ಒಂಬತ್ತು ಹಸು ನೆಕ್ತಿವೆ,” ಎಂದಳು ಬುಚ್‌ನ ಕಡೆ ಕೈ ತೋರಿಸಿ. “ಸಹಿ ಹಾಕಿದ ಮೇಲೆ ನಾನು ಇವನಿಗೆ ಏನು ಹೇಳಬೇಕು? ನೆಲ ತೊಳಿ ಅಂತಲಾ?”

“ಮಿಸ್ಟರ್ ಲೆಮ್ಕೆ ನಮಗೆ ಬರೆದುಕೊಟ್ರೆ—”

“ನಾನು ಬರೆದುಕೊಡ್ತೀನಿ,” ಎಂದ ಬುಚ್, ಹಳೆಯ ಗಂಟಲಲ್ಲಿ. “ಸುತ್ತಲೂ ಇರೋರಿಗೆಲ್ಲ ತೋರಿಸಿ ಬರೆದುಕೊಡ್ತೀನಿ.”

ಆರ್ಲಿಸ್ ಕಾಗದವನ್ನು ಹರಿಯಲಿಲ್ಲ. ಮಡಿಸಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು. “ಇದು ನನ್ನ ಹತ್ತಿರ ಇರಲಿ. ಎಲ್ಲರಿಗೂ ಓದಿ ಹೇಳೋಕೆ ಬೇಕು.”

“ಅದು ಕಂಪನಿಯ ದಾಖಲೆ.”

“ನನ್ನ ಕೈಗೆ ಕೊಟ್ರಿ. ಸಹಿ ಹಾಕಿಲ್ಲ. ಹಾಗಾಗಿ ನಾನು ಏನು ಬೇಕಾದ್ರೂ ಮಾತಾಡಬಹುದು.”

ಪ್ರೆಂಟಿಸ್‌ನ ನಗು ಕೆಳಗಿಳಿಯಿತು. ಓರಿನ್ ಹೆಂಡತಿಯ ಮುಖ ನೋಡಿದ, ಉಸಿರು ಬಿಟ್ಟ, ಹೋಗಿ ಹೊರಬಾಗಿಲು ತೆರೆದು ಹಿಡಿದ. ಆಗಲೇ ಎಲ್ಡನ್ ಮುಂದೆ ಬಂದದ್ದು.

“ಸ್ವಾಮಿ, ಒಂದು ಬರಕೊಳ್ಳಿ,” ಎಂದ. “ಎಲ್ಡನ್ ಜಾಸ್ಟ್ರೋ. ಎಂಟು ವರ್ಷದ ಹಿಂದೆ ಸಹಿ ಹಾಕಿದೋನು. ಇವತ್ತು ಇಷ್ಟು ಜನರ ಮುಂದೆ ಹೇಳ್ತಿದೀನಿ: ನಮ್ಮ ಕೊಟ್ಟಿಗೆಗೆ ನಿಮ್ಮ ತಂತಿಯಿಂದ ಕರೆಂಟು ಬರ್ತಿತ್ತು. ಇಪ್ಪತ್ತೆಂಟು ಹಸು ಹೋದವು. ನೀವು ಪೆಟ್ಟಿಗೆ ಕೂರಿಸಿದ ಮೇಲೆ ನಿಂತಿತು. ನಾವು ಸೋಮಾರಿಗಳಾಗಿರಲಿಲ್ಲ. ಜಾಸ್ಟ್ರೋ ಬಾಯಿ ಬಿಟ್ಟ ಅಂತ ಬರಕೊಳ್ಳಿ. ತಾರೀಖೂ ಹಾಕಿ.”

ಪ್ರೆಂಟಿಸ್ ಬರೆದುಕೊಳ್ಳಲಿಲ್ಲ. ಎಲ್ಡನ್‌ನನ್ನು ಒಂದು ಸಲ ಚೆನ್ನಾಗಿ ನೋಡಿದ, ಮುಖ ನೆನಪಿಟ್ಟುಕೊಳ್ಳುವವನ ಹಾಗೆ. ಗವಸು ಏರಿಸಿಕೊಂಡು ಹೊರಟುಹೋದ. ಅವನ ಹಿಂದೆಯೇ ಬುಚ್ ಡೀಸೆಲ್ ಡಬ್ಬಿ ಹಿಡಿದು ಹೋದ, ಓರಿನ್ ಟ್ರ್ಯಾಕ್ಟರು ನೋಡಲು ಹೋದ.

ಹಾಲಿನ ಕೋಣೆಯಲ್ಲಿ ಇಬ್ಬರೇ ಉಳಿದರು. ಎಲ್ಡನ್ ಹಾಲಿನ ತೊಟ್ಟಿಯ ಅಂಚು ಹಿಡಿದುಕೊಂಡ.

“ಅವರು ನಿಮ್ಮನ್ನ ಬಿಡಲ್ಲ,” ಎಂದಳು ಆರ್ಲಿಸ್.

“ಬಿಡಲ್ಲ.”

“ಅಕ್ಟೋಬರಿನಲ್ಲಿ ಹೇಳಿದ್ರೆ ಟಿಲ್ಲಿ ಇರ್ತಿತ್ತು. ಉಳಿದ ಹತ್ತೂ ಇರ್ತಿದ್ವು. ಇವತ್ತು ನೀವು ಹೇಳಿದ್ದು ದೊಡ್ಡದೇ. ಆದ್ರೂ ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಸುಳ್ಳು ಯಾಕೆ ಹೇಳ್ಲಿ.”

“ಹೋಗಬೇಕು ಅಂತ ನಾನು ಕೇಳಿಲ್ಲ, ಹುಡುಗಿ.”

ಅವಳು ಅವನಿಗೆ ಕುರ್ಚಿ ತೋರಿಸಲಿಲ್ಲ. ಮೇಲಿನ ಕಪಾಟಿನ ಕಡೆಗೂ ಕೈ ಚಾಚಲಿಲ್ಲ, ಕಾಫಿಯ ಡಬ್ಬಿ ಅಲ್ಲಿತ್ತು. ಕರೆಯುವ ಯಂತ್ರದ ಬಟ್ಟಲೊಂದನ್ನು ಎತ್ತಿ ತೊಳೆಯತೊಡಗಿದಳು. ಆಮೇಲೆ, ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ನಿಮ್ಮಲ್ಲಿ ಕೆಚ್ಚಲು ಬಾವು ಇಳಿಯೋಕೆ ಎಷ್ಟು ದಿನ ಹಿಡೀತು?”

“ಹನ್ನೊಂದು ವಾರ,” ಎಂದ ಎಲ್ಡನ್. ಎಂಟು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. “ಒಂದೇ ಕರು ಹಾಕಿದವು ಮೊದಲು ಸುಧಾರಿಸ್ತವೆ. ಮೂರು ಕರು ಹಾಕಿದವು ನಿಧಾನ. ಐದು ಕರು ದಾಟಿದ್ದರಲ್ಲಿ ಕೆಲವು ಸರಿಹೋಗೋದೇ ಇಲ್ಲ, ಅವುಗಳ ಮೇಲೆ ಔಷಧಿ ಸುರೀಬೇಡ. ನಾನು ಸುರಿದು ಕೆಟ್ಟೆ. ಮತ್ತೆ ಹಾಲು ಏರ್ತಾ ಏರ್ತಾ ನಾಲ್ಕನೇ ವಾರ ಒಂದು ಸಲ ಬೀಳತ್ತೆ. ಹೆದರಬೇಡ. ನಾನು ಹೆದರಿ ಮೇವು ಬದಲಾಯಿಸಿಬಿಟ್ಟೆ, ಅದು ತಪ್ಪಾಯ್ತು.”

“ಯಾಕೆ ಬೀಳತ್ತೆ?” ಎಂದಳು ಆರ್ಲಿಸ್. ಬಟ್ಟಲನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು.